ಒರೆಸಿ ಮತ್ತೆ ಮಾಡು

ಕಂಪ್ಯೂಟರ್ ವಿಷಯದಲ್ಲಿ ನನಗೆ ವಿನಯ ಅನ್ನುವುದು ಇಲ್ಲ. ಇದ್ದಿದ್ದರೆ ಈ ಕೆಲಸದಲ್ಲಿ ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಸಮರ್‌ಸೆಟ್‌ನ ಒಂದು ಆಫೀಸ್ ಪಾರ್ಕಿನಲ್ಲಿ ಕೂತು ಇನ್ಶೂರೆನ್ಸ್ ಕಂಪನಿಯೊಂದರ ಸರ್ವರ್‌ಗಳನ್ನು ಕಾಯುವುದು ನನ್ನ ಉದ್ಯೋಗ. ಬಿದ್ದರೆ ಎಬ್ಬಿಸುತ್ತೇನೆ, ಏಳದಿದ್ದರೆ ಬೈದು ಎಬ್ಬಿಸುತ್ತೇನೆ. ನಮ್ಮ ಕಡೆ ಕನ್ನಡದವರ ಮನೆಯ ಪಾಟ್‌ಲಕ್ ಅಂದರೆ ಒಬ್ಬರು ಪುಳಿಯೋಗರೆ ತರುತ್ತಾರೆ, ಇನ್ನೊಬ್ಬರು ಕೋಸಂಬರಿ ತರುತ್ತಾರೆ, ಯಾರಾದರೂ ಒಬ್ಬರು ನನಗೋಸ್ಕರ ಸತ್ತ ಲ್ಯಾಪ್‌ಟಾಪ್ ತರುತ್ತಾರೆ. ಪಾಯಸ ಬಡಿಸುವ ಹೊತ್ತಿಗೆ ಅದು ಕಣ್ಣು ಬಿಟ್ಟಿರುತ್ತದೆ. ಜಂಬ ಅಂದುಕೊಳ್ಳಿ ಬೇಕಾದರೆ, ಪಕ್ಕದೂರು ಎಡಿಸನ್‌ವರೆಗೂ ಸಾಕ್ಷಿಗಳಿದ್ದಾರೆ.

ಆದ್ದರಿಂದ ಹೋದ ಚಳಿಗಾಲದಲ್ಲಿ ನಮ್ಮ ಅತ್ತೆಯ ಲ್ಯಾಪ್‌ಟಾಪ್ ಕೆಟ್ಟಾಗ ನನಗೆ ಹೆದರಿಕೆಯೇನೂ ಆಗಲಿಲ್ಲ. ಸಿಟ್ಟು ಬಂತು. ಅದೂ ಲ್ಯಾಪ್‌ಟಾಪ್ ಮೇಲಲ್ಲ, ನಮ್ಮವರ ಮೇಲೆ. ಆ ಲ್ಯಾಪ್‌ಟಾಪಿನ ಬ್ಯಾಟರಿ ಯಾವತ್ತೋ ಸತ್ತಿತ್ತು. ಗೋಡೆಯ ಪ್ಲಗ್‌ನಲ್ಲಿದ್ದರೆ ಮಾತ್ರ ಅದಕ್ಕೆ ಜೀವ. ಶನಿವಾರ ಬೆಳಿಗ್ಗೆ ಅದು ತನ್ನ ಪಾಡಿಗೆ ತಾನು ಯಾವುದೋ ದೊಡ್ಡ ಅಪ್‌ಡೇಟ್ ಮಾಡಿಕೊಳ್ಳುತ್ತಿತ್ತು. ವಾರಕ್ಕೊಂದು ಸಲ ಮನೆಗೆಲಸದ ಉತ್ಸಾಹ ಬರುವ ನನ್ನ ಗಂಡ ವ್ಯಾಕ್ಯೂಮ್ ಕ್ಲೀನರ್ ಎಳೆದುಕೊಂಡು ಬಂದು, ಆ ಪ್ಲಗ್ ಕಿತ್ತು, ತಮ್ಮದನ್ನು ಚುಚ್ಚಿದರು. ಮತ್ತೆ ಆನ್ ಮಾಡಿದರೆ ಸ್ಕ್ರೀನಿನ ನಡುವೆ ಚುಕ್ಕೆಗಳು ಗಿರಗಿರ ತಿರುಗುತ್ತವೆ, ಕಪ್ಪಾಗುತ್ತದೆ, ಮತ್ತೆ ತಿರುಗುತ್ತವೆ.

"ಸ್ಕ್ರೀನ್ ಮೇಲೆ ಅಷ್ಟು ದೊಡ್ಡದಾಗಿ ಬರೆದಿತ್ತಲ್ರೀ, ಆಫ್ ಮಾಡಬೇಡಿ ಅಂತ!"

"ನಾ ನೆಲಾ ನೋಡಕೋತ ಬಂದೆ," ಅಂದರು.

ನಮ್ಮವರು, ಅತ್ತೆ ಇಬ್ಬರೂ ಧಾರವಾಡದವರು, ನಾನು ಮೈಸೂರಿನವಳು. ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಇಲ್ಲಿಗೆ ಬಂದರು. ಬರುವಾಗ ಈ ಲ್ಯಾಪ್‌ಟಾಪನ್ನು ಇಳಕಲ್ ಸೀರೆಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಶನಿವಾರ, ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ, ಧಾರವಾಡದಲ್ಲಿ ಸಂಜೆಯಾಗಿರುವಾಗ, ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಅಲ್ಲಿನ ಕೆಲವು ಎಸ್ಸೆಸ್ಸೆಲ್ಸಿ ಹುಡುಗಿಯರಿಗೆ ವಿಡಿಯೋದಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ಟ್ಯೂಷನ್‌ಗೆ ಹೋಗುವ ಅನುಕೂಲ ಇಲ್ಲದ ಮಕ್ಕಳು ಅವರು. ಕ್ಯಾಮೆರಾದ ಎದುರಿಗೆ ಕುರ್ಚಿಗೆ ಒರಗಿಸಿಟ್ಟ ಒಂದು ಪುಟ್ಟ ವೈಟ್‌ಬೋರ್ಡು, ಪಕ್ಕದಲ್ಲಿ ಒರೆಸುವುದಕ್ಕೆ ನಮ್ಮವರ ಹಳೇ ಬನಿಯನ್ನಿನ ತುಂಡು.

ಆ ಬನಿಯನ್ ತುಂಡಿಗೆ ಅಲ್ಲಿ ಬಹಳ ಕೆಲಸ. ಹುಡುಗಿಗೆ ಲೆಕ್ಕ ಬರಲಿಲ್ಲ ಅಂದರೆ ಅತ್ತೆ ತಾವೇ ಬೋರ್ಡಿನ ಮೇಲೆ ಮೊದಲಿಂದ ಕೊನೆಯವರೆಗೂ ಮಾಡಿ ತೋರಿಸುತ್ತಾರೆ. "ತಿಳೀತೇನು?" "ತಿಳೀತ್ರಿ ಟೀಚರ್." ತಕ್ಷಣ ಬೋರ್ಡು ಪೂರ್ತಿ ಒರೆಸಿಬಿಡುತ್ತಾರೆ. "ಹಾಂ, ಈಗ ನೀ ಮಾಡು. ನೋಡಿದ್ದು ನಿಂದಲ್ಲ, ಮಾಡಿದ್ದು ನಿಂದು." ನಮ್ಮವರು ಈ ಒರೆಸುವಿಕೆಗೆ ಹೆದರಿಯೇ ಕಾಮರ್ಸ್ ತಗೊಂಡಿದ್ದಂತೆ.

ಪರೀಕ್ಷೆ ಹತ್ತಿರ ಬಂದಿತ್ತು. ಸೋಮವಾರ ಬೆಳಿಗ್ಗೆಗೆ ತ್ರಿಕೋನಮಿತಿ ಇಟ್ಟುಕೊಂಡಿದ್ದರು, ಹುಡುಗಿಯರು ಅದಕ್ಕೇ ಹೆದರಿ ಕೂತಿದ್ದರು.

"ಏನಾತವಾ?" ಅಂತ ಅತ್ತೆ ಬಂದು ನಿಂತರು.

"ಓಎಸ್ ಹೋಗಿದೆ ಅತ್ತೆ. ಆಪರೇಟಿಂಗ್ ಸಿಸ್ಟಮ್. ಮೈ ಗಟ್ಟಿಯಾಗೇ ಇದೆ, ಬುದ್ಧಿ ಕೆಟ್ಟಿದೆ ಅಷ್ಟೇ. ಒಳಗಿರೋದೆಲ್ಲ ಅಳಿಸಿ ಹೊಸದಾಗಿ ಹಾಕಿದರೆ ಸರಿಹೋಗುತ್ತೆ. ಉಳಿಸಿಕೋಬೇಕಾದ್ದು ಏನಾದರೂ ಇದೆಯಾ ಇದರಲ್ಲಿ?"

"ಏನಿಲ್ಲ. ಲೆಕ್ಕ ಎಲ್ಲಾ ನನ್ನ ತಲ್ಯಾಗ ಅವ."

"ಹಾಗಿದ್ದರೆ ಊಟದ ಹೊತ್ತಿಗೆ ರೆಡಿ," ಅಂದುಬಿಟ್ಟೆ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಓಎಸ್ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ತುಂಬಬೇಕು. ಅದನ್ನು ಕೆಟ್ಟ ಲ್ಯಾಪ್‌ಟಾಪಿಗೆ ಚುಚ್ಚಿ, ಆನ್ ಆಗುತ್ತಿದ್ದ ಹಾಗೇ ಮೇಲಿನ ಸಾಲಿನ ಒಂದು ಕೀಯನ್ನು ಟಕಟಕ ಒತ್ತಿ, "ಒಳಗಿನ ಡಿಸ್ಕ್‌ನಿಂದ ಬೇಡ, ಈ ಪೆನ್‌ಡ್ರೈವ್‌ನಿಂದ ಎದ್ದೇಳು" ಅಂತ ಹೇಳಬೇಕು. ಆಮೇಲೆ ಕಾಫಿ ಕುಡಿಯುತ್ತಾ ನೋಡುವುದು. ನಾನು ಕಾಫಿಯನ್ನೂ ಮಾಡಿಕೊಂಡು ಬಂದು ಕೂತೆ. ಅರ್ಧದವರೆಗೆ ಚೆನ್ನಾಗೇ ಹೋಯಿತು. ಆಮೇಲೆ ನಿಂತಿತು. ಬೇಕಾದ ಫೈಲೊಂದು ಹಾಳಾಗಿದೆ ಅಥವಾ ಇಲ್ಲವೇ ಇಲ್ಲ ಅಂತ ಎರರ್ ಕೊಟ್ಟಿತು.

ಡೌನ್‌ಲೋಡ್ ಕೆಟ್ಟಿರಬೇಕು ಅಂದೆ. ಮತ್ತೆ ಡೌನ್‌ಲೋಡ್ ಮಾಡಿದೆ. ಈ ಸಲ ಶುರುವಿನಲ್ಲೇ ಬೇರೆ ಎರರ್: ಯಾವುದೋ ಡ್ರೈವರ್ ಸಿಗುತ್ತಿಲ್ಲವಂತೆ. ಪೆನ್‌ಡ್ರೈವ್ ಹಳೇದು ಅಂದೆ, ಡ್ರಾಯರ್ ಕೆದಕಿ ಹೊಸದನ್ನು ತೆಗೆದೆ. ಅದನ್ನು ಹಾಕಿದರೆ ಎದ್ದೇಳುವುದಕ್ಕೆ ಏನೂ ಇಲ್ಲ ಅಂತ ಕೈ ಅಲ್ಲಾಡಿಸಿತು. ಇನ್ನೊಂದು ಸಲ ಚುಚ್ಚಿದರೆ ಪೆನ್‌ಡ್ರೈವ್ ಕಾಣಿಸಿತು, ಮುಕ್ಕಾಲು ಭಾಗ ಓಡಿತು, ಬಿತ್ತು. ಡಿಸ್ಕ್ ಪರೀಕ್ಷೆ ಮಾಡಿದೆ, ಆರೋಗ್ಯವಾಗಿದೆ. ಹಿಂಬದಿಯ ಸ್ಕ್ರೂ ಬಿಚ್ಚಿ ಮೆಮೊರಿ ತೆಗೆದು ಒರೆಸಿ ಮತ್ತೆ ಕೂರಿಸಿದೆ, ಅದೂ ಆರೋಗ್ಯವಾಗಿದೆ. ಎಲ್ಲರೂ ಆರೋಗ್ಯವಾಗಿದ್ದಾರೆ, ಮನೆ ಮಾತ್ರ ನಡೆಯುತ್ತಿಲ್ಲ!

ನೋಡಿ, ಒಂದೇ ಎರರ್ ಪದೇ ಪದೇ ಬಂದರೆ ನನಗೆ ಅದರ ಮನೆ ವಿಳಾಸ ಗೊತ್ತಾಗುತ್ತದೆ. ಸಲಕ್ಕೊಂದು ವೇಷ ಹಾಕಿಕೊಂಡು ಬಂದರೆ ತಲೆ ಕೆಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಮ್ಮವರು ಅತ್ತ ಗೋಡೆ ನೋಡಿಕೊಂಡು ಹೇಳಿದರು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡಿದ್ದೆ, ಪುಣ್ಯಕ್ಕೆ ಅವರು ದೂರದಲ್ಲಿದ್ದರು. ತಪ್ಪಿನ ಪ್ರಾಯಶ್ಚಿತ್ತಕ್ಕೋ ಏನೋ, ಹಿಮದಲ್ಲೇ ಡ್ರೈವ್ ಮಾಡಿಕೊಂಡು ಅಂಗಡಿಗೆ ಹೋಗಿ ಅಮ್ಮನಿಗೆ ಒಂದು ಹೊಸ ಟ್ಯಾಬ್ಲೆಟ್ ತಂದರು.

"ಈ ತಾಟು ಯಾಕ ತಂದಿ?" ಅಂದರು ಅತ್ತೆ.

"ಅವ್ವಾ, ಇದು ಭಾಳ ಸರಳ ಅದ. ಬರೇ ಬೆರಳು ಮುಟ್ಟಸೋದು."

ಅತ್ತೆ ಹಟಮಾರಿಯಲ್ಲ, ಮಗ ಹಿಮದಲ್ಲಿ ಹೋಗಿ ತಂದಿದ್ದಾನೆ ಅಂತ ಕೂತು ಬೆರಳು ಮುಟ್ಟಿಸಿದರು. ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅತ್ತೆ ಬಂದರು: ಬೋರ್ಡಿನ ಮೇಲೆ ಬರೆದದ್ದು ತಿರುವುಮುರುವಾಗಿ ಕಾಣಿಸುತ್ತಿದೆ, ಏನು ಮಾಡಬೇಕು? ಹೇಳಿದೆ. ಹೋದರು. ಮತ್ತೆ ಬಂದರು: ಏನೋ ಮುಟ್ಟಿದೆ, ಎಲ್ಲ ಮಾಯವಾಯಿತು. ತೋರಿಸಿದೆ. ಮತ್ತೆ ಬಂದರು. ಈ ಸಲ ಏನನ್ನೂ ಕೇಳದೆ, ಟ್ಯಾಬ್ಲೆಟ್ಟನ್ನು ಅದರ ಡಬ್ಬಿಯಲ್ಲೇ ನೀಟಾಗಿ ಇಟ್ಟು, ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟರು.

"ನೋಡವಾ," ಅಂದರು. "ಈ ದೇಶದಾಗ ಹಾಲು ಬೇಕಂದ್ರ ನಿಮ್ಮನ್ನ ಕೇಳಬೇಕು. ಗುಡಿಗೆ ಹೋಗಬೇಕಂದ್ರ ನಿಮ್ಮನ್ನ ಕೇಳಬೇಕು. ನನ್ನ ಮೊಣಕಾಲು ನೋಯಸ್ತದ ಅಂತ ಡಾಕ್ಟರಿಗೆ ಹೇಳಲಿಕ್ಕೂ ನೀವು ಬೇಕು. ನೀವು ಇಲ್ಲ ಅನ್ನಂಗಿಲ್ಲ, ನಂದೇನೂ ತಕರಾರಿಲ್ಲ. ಆದ್ರ ಆ ಲ್ಯಾಪ್‌ಟಾಪ್ ಒಂದಽ ನೋಡು, ಯಾರನ್ನೂ ಕೇಳಲಾರದ ನಾ ನಡಸೋದು. ಅದು ಹೋದ್ರ ನಾ ಪಾಠಾ ನಿಲ್ಲಸ್ತೇನಿ. ಸೊಸಿನ್ನ ಕೇಳಿ ಕೇಳಿ ಪಾಠಾ ಹೇಳೋ ಟೀಚರ್ ನಾ ಆಗೂದಿಲ್ಲ."

ದನಿ ಏರಿಸಲಿಲ್ಲ, ಅಳಲಿಲ್ಲ. ಹೇಳಿ, ಸಾರಿನ ಉಪ್ಪು ನೋಡಿ, ಒಳಗೆ ಹೋದರು. ಅಲ್ಲಿಯವರೆಗೆ ನನ್ನ ಮಾನದ ಪ್ರಶ್ನೆ ಅಂದುಕೊಂಡು ಗುದ್ದಾಡುತ್ತಿದ್ದೆ. ಪ್ರಶ್ನೆ ನನ್ನದೇ ಆಗಿರಲಿಲ್ಲ.

ಭಾನುವಾರ ರಾಬಿನ್ಸ್‌ವಿಲ್‌ನ ದೇವಸ್ಥಾನಕ್ಕೆ ಹೋಗುವ ಪ್ಲಾನ್ ಇತ್ತು. ನಮ್ಮವರೊಬ್ಬರನ್ನೇ ಓಡಿಸಿದೆ, ಪ್ಲಗ್‌ಗಳಿಂದ ದೂರ ಇರಲಿ ಅಂತ. ಸ್ನಾನ ಮಾಡಿ, ಕೂದಲಿಗೆ ಟವಲ್ ಸುತ್ತಿಕೊಂಡು, ಮತ್ತೆ ಶುರು ಮಾಡಿದೆ. ಅದೇ ಪುರಾಣ. ಬೈದುಕೊಂಡು ಪೆನ್‌ಡ್ರೈವ್ ಎಳೆದು ತೆಗೆದರೆ ಬೆರಳ ತುದಿ ಕೆಂಪಗಿದೆ! ಕುಯ್ದುಕೊಂಡೆ ಅಂತ ಸಿಂಕಿಗೆ ಓಡಿದೆ. ತೊಳೆದರೆ ಗಾಯವೇ ಇಲ್ಲ. ವಾಪಸ್ ಬಂದು ಪೆನ್‌ಡ್ರೈವಿನ ಮೂತಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದರ ಹಲ್ಲುಗಳ ಮೇಲೆ ಕೆಂಪು ಧೂಳು. ಮೂಸಿದೆ. ಅರೇ, ಕುಂಕುಮ!

ಫೋನಿನ ಟಾರ್ಚ್ ಹಾಕಿ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಚುಚ್ಚುವ ಪೋರ್ಟಿನೊಳಗೆ ಇಣುಕಿದರೆ ಅದು ದೇವರ ಗೂಡಾಗಿತ್ತು. ಗಂಧ ಒಣಗಿ ಪದರ ಕಟ್ಟಿದೆ, ಅದರ ಮೇಲೆ ಕುಂಕುಮ, ಮೂಲೆಯಲ್ಲಿ ಒಂದು ಅಕ್ಷತೆಯ ಕಾಳೂ ಇತ್ತು. ಎಡಗಡೆಯ ಪೋರ್ಟ್ ಎಂದೋ ಮುರಿದಿತ್ತು. ನಿನ್ನೆಯಿಂದ ನಾನು ಚುಚ್ಚುತ್ತಿದ್ದದ್ದು ಇದಕ್ಕೇ. ಒಂದು ಸಲ ತಗಲುತ್ತದೆ, ಒಂದು ಸಲ ತಗಲುವುದಿಲ್ಲ, ಅರ್ಧ ಓದುತ್ತದೆ, ಅರ್ಧ ನುಂಗುತ್ತದೆ. ಬೆಟ್ಟ ಅಗೆದು ಇಲಿ ಹಿಡಿದಿದ್ದೆ, ಆದರೆ ಆ ಇಲಿ ಸಿಕ್ಕ ಖುಷಿ ಇದೆಯಲ್ಲ, ನನ್ನ ಕೆಲಸದವರಿಗೆ ಮಾತ್ರ ಗೊತ್ತು.

"ಅತ್ತೇ! ಇದರ ತೂತಿಗೆ ಕುಂಕುಮ ಯಾಕೆ ಹಾಕಿದಿರಿ?"

"ಖಂಡೇನವಮಿಗೆ ಹಚ್ಚಿದ್ದು," ಅಂದರು, ಅದರಲ್ಲೇನು ವಿಶೇಷ ಅನ್ನುವ ಹಾಗೆ. ನಾವು ಆಯುಧಪೂಜೆ ಅನ್ನುವುದನ್ನೇ ಅವರು ಖಂಡೇನವಮಿ ಅನ್ನುತ್ತಾರೆ.

"ಪೂಜೆ ಮಾಡಿದರೆ ಮುಚ್ಚಳದ ಮೇಲೆ ಒಂದು ಬೊಟ್ಟು ಇಡಬೇಕಪ್ಪ! ನಾನೂ ನನ್ನ ಕಾರಿಗೆ ಇಡ್ತೀನಿ. ಪೆಟ್ರೋಲ್ ಟ್ಯಾಂಕಿಗೆ ಹಾಕ್ತೀನಾ?"

"ಯಂತ್ರಕ್ಕ ಬಾಯಿಗೆ ಹಚ್ಚಬೇಕು. ಹೊಲಿಗಿ ಮಷೀನಿಗೆ ಸೂಜಿ ಬುಡಕ, ಗಿರಣಿಗೆ ಕಾಳು ಸುರಿಯೋ ಕಡೆ. ಇದರ ಬಾಯಿ ಯಾವುದು ಅಂತ ನಿನ್ನ ಗಂಡನ್ನ ಕೇಳಿದ್ದೆ. ಇದಽ ಅಂತ ತೋರಿಸಿದಾ."

ವರ್ಷ ವರ್ಷವೂ, ಭಕ್ತಿಯಿಂದ, ಕಡ್ಡಿಯಲ್ಲಿ ಒತ್ತಿ ಒತ್ತಿ ಹಚ್ಚಿದ್ದಾರೆ. ನನಗೆ ನಗು ಬಂತು, ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. "ಅಂದ್ರ ದೇವರಽ ಅಡ್ಡ ಬಂದಿದ್ನೇನು?" ಅಂದರು. ದೇವರ ಮನೆಯಿಂದ ಹೂಬತ್ತಿ ತಂದುಕೊಟ್ಟರು. ಲ್ಯಾಪ್‌ಟಾಪನ್ನು ಪ್ಲಗ್‌ನಿಂದ ಬಿಡಿಸಿ, ಟೂತ್‌ಪಿಕ್‌ನಿಂದ ಮೆಲ್ಲಗೆ ಕೆರೆದು, ಬತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ, ಒಣಗಲು ಬಿಟ್ಟೆ. ಬತ್ತಿಗಳೆಲ್ಲ ಕೆಂಪಾದವು. ಆಮೇಲೆ ಪೆನ್‌ಡ್ರೈವ್ ಹಾಕಿದೆ ನೋಡಿ, ಓಎಸ್ ಒಂದೇ ಉಸಿರಿಗೆ ಇಳಿಯಿತು!

ಗೆದ್ದ ಹುಮ್ಮಸ್ಸಿನಲ್ಲಿ ನಾನು ಸುಮ್ಮನೆ ಬಿಡಲಿಲ್ಲ. ಅತ್ತೆಗೆ ಅನುಕೂಲವಾಗಲಿ ಅಂತ ಬೇಡದ್ದನ್ನೆಲ್ಲ ಬಚ್ಚಿಟ್ಟೆ. ಅಕ್ಷರ ದೊಡ್ಡದು ಮಾಡಿದೆ. ಖಾಲಿ ಸ್ಕ್ರೀನಿನ ನಟ್ಟನಡುವೆ ಒಂದೇ ಒಂದು ಗುರುತು, ಅದರ ಕೆಳಗೆ ಕನ್ನಡದಲ್ಲಿ "ಪಾಠ". ಒತ್ತಿದರೆ ನೇರ ಹುಡುಗಿಯರ ಮುಂದೆ. ಚಿಕ್ಕ ಮಗುವೂ ನಡೆಸಬಹುದು, ಹಾಗೆ ಮಾಡಿಟ್ಟೆ. ಹೊಗಳಿಸಿಕೊಳ್ಳಲು ರೆಡಿಯಾಗಿ ಅತ್ತೆಯನ್ನು ಕರೆದೆ.

ಕನ್ನಡಕ ಹಾಕಿಕೊಂಡು ಬಂದು ಕೂತರು. ನೋಡಿದರು. ಅವರ ಕೈ ಅಭ್ಯಾಸದಂತೆ ಸ್ಕ್ರೀನಿನ ಎಡಮೂಲೆಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ, ವಾಪಸ್ ಬಂತು.

"ಒಂದಽ ಗುಂಡಿ ಇಟ್ಟೀಯಲ್ಲ."

"ಹೂಂ ಅತ್ತೆ, ಒಂದೇ ಸಾಕು. ಏನೂ ತಲೆಕೆಡಿಸಿಕೊಳ್ಳೋ ಹಾಗಿಲ್ಲ."

"ಅದು ನಡೀಲಿಲ್ಲಂದ್ರ?"

"ನನ್ನನ್ನ ಕರೀರಿ."

"ಮತ್ತ ಅದಽ ಆತಲ್ಲಾ, ನಿನ್ನ ಕೇಳೂದು," ಅಂದರು.

ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಒರಸು," ಅಂದರು.

"ಏನು ಒರೆಸಲಿ?"

"ಇದನ್ನ. ಎಲ್ಲಾ ಅಳಸಿಬಿಡು. ಮೊದಲಿಂದ ನಾ ಹಾಕ್ತೇನಿ. ನೀ ಕೂತು ನೋಡು."

ನನಗೆ ಎಲ್ಲಿತ್ತೋ ಸಿಟ್ಟು! ನಿನ್ನೆಯಿಂದ ಬೆನ್ನು ಮುರಿದುಕೊಂಡಿದ್ದೀನಿ, ಈಗಷ್ಟೇ ಎದ್ದಿದೆ, ಎದ್ದು ನಿಂತದ್ದನ್ನು ಯಾರಾದರೂ ಬೀಳಿಸುತ್ತಾರಾ, ನಾಳೆ ಪಾಠ ಇಟ್ಟುಕೊಂಡು ಇದೇನು ಹುಡುಗಾಟ, ನಮ್ಮ ಆಫೀಸಿನಲ್ಲಿ ಓಡುತ್ತಿರುವ ಸರ್ವರ್ ಮುಟ್ಟಿದರೆ ಕೆಲಸದಿಂದ ತೆಗೀತಾರೆ ಅಂತ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮಕ್ಕಳ ಗಲಾಟೆ ಮುಗಿಯಲಿ ಅಂತ ಕಾಯುವ ಟೀಚರ್ ಹಾಗೆ ಕಾದರು. ಆಮೇಲೆ, "ನೋಡಿದ್ದು ನಂದಲ್ಲ," ಅಂದರು ಮೆಲ್ಲಗೆ.

ನಾನು ಕಟ್ಟಿಕೊಟ್ಟ ಲ್ಯಾಪ್‌ಟಾಪ್ ನನ್ನದು. ಅವರಿಗೆ ಬೇಕಾದದ್ದು ಅವರದು.

ಮೊದಲು ಯಾವುದರ ನಂತರ ಯಾವುದು, ಯಾಕೆ, ಅಂತ ಒಂದು ಸಲ ಬಾಯಲ್ಲಿ ಹೇಳಿಸಿಕೊಂಡರು. "ಹಾಂ, ಇನ್ನ ಸುಮ್ನ ಕುಂದ್ರು. ನಾ ಕೇಳಿದ್ರಷ್ಟಽ ಹೇಳು," ಅಂದವರು ಒಂದು ಕ್ಷಣ ನನ್ನ ಮುಖ ನೋಡಿ, ನಾನು ಸುಮ್ಮನೆ ಕೂರುವ ಪೈಕಿ ಅಲ್ಲ ಅನ್ನಿಸಿತೇನೋ, ಫ್ರಿಜ್‌ನಿಂದ ಎರಡು ಕಟ್ಟು ಮೆಂತ್ಯ ಸೊಪ್ಪು ತಂದು ಮುಂದಿಟ್ಟರು. "ಸೋಸು."

ಸೋಸಿದೆ. ಅತ್ತೆ ಪ್ರತಿ ಸ್ಕ್ರೀನನ್ನೂ ಬೆರಳಿಟ್ಟು ಓದಿದರು. ಶರತ್ತು, ಒಪ್ಪಿಗೆ, ಸಣ್ಣಕ್ಷರ, ಎಲ್ಲವನ್ನೂ. ನಾನು ಜನ್ಮದಲ್ಲಿ ಅವನ್ನು ಓದಿದವಳಲ್ಲ. ಡಿಸ್ಕ್ ಅಳಿಸುವ ಜಾಗ ಬಂದಾಗ ಅವರ ಕೈ ನಿಂತಿತು. ಎಡಗೈ ತೋರುಬೆರಳಿನಿಂದ ಗಾಳಿಯಲ್ಲಿ ಏನೋ ಬರೆದುಕೊಂಡರು, ಲೆಕ್ಕ ಮಾಡುವಾಗಿನ ಅಭ್ಯಾಸ ಅದು. ಒತ್ತಿದರು. ನನ್ನ ಕೈಯಲ್ಲಿ ಮೆಂತ್ಯದ ದಂಟು ಪುಡಿಯಾಯಿತು.

ಅರ್ಧಕ್ಕೆ ಬಂದು ನಿಂತಿತು. ಅದೇ ಹಾಳು ಎರರ್, ಫೈಲ್ ಇಲ್ಲ!

ನಾನು ಎದ್ದೇ ಬಿಟ್ಟಿದ್ದೆ. ಅತ್ತೆ ಕನ್ನಡಕದ ಮೇಲಿಂದ ಒಂದು ನೋಟ ನೋಡಿದರು. ಧಾರವಾಡದ ಎಷ್ಟು ಲಾಸ್ಟ್ ಬೆಂಚುಗಳನ್ನು ಆ ನೋಟ ಕೂರಿಸಿತ್ತೋ, ನನ್ನನ್ನೂ ಕೂರಿಸಿತು. ಅವರು ಎಲ್ಲ ಆಫ್ ಮಾಡಿ, ಪ್ಲಗ್ ತೆಗೆದು, ಪೆನ್‌ಡ್ರೈವ್ ಹೊರಗೆಳೆದು ಅದರ ಮೂತಿ ನೋಡಿದರು. ಟಾರ್ಚ್ ಹಾಕಿ ಪೋರ್ಟಿನೊಳಗೆ ನೋಡಿದರು. ನಾನು ಬಿಟ್ಟಿದ್ದ ಒಂದು ಚೂರು ಗಂಧ ಒಳಮೂಲೆಯಲ್ಲಿತ್ತು. ಅದನ್ನು ಕೆರೆದು, ಹೊಸ ಹೂಬತ್ತಿಯಿಂದ ಒರೆಸಿ, ಒಣಗುವವರೆಗೂ ಕೈಕಟ್ಟಿ ಕೂತರು. ಮತ್ತೆ ಮೊದಲಿಂದ ಶುರು ಮಾಡಿದರು. ನಾನು ಸೋಸಿದ ಸೊಪ್ಪನ್ನೇ ಇನ್ನೊಂದು ಸಲ ಸೋಸಿದೆ.

ಈ ಸಲ ನಿಲ್ಲಲಿಲ್ಲ. ಸ್ವಾಗತದ ಸ್ಕ್ರೀನ್ ಬಂದ ಮೇಲೆ ಅವರು ಗುರುತುಗಳನ್ನು ತಮಗೆ ಬೇಕಾದ ಹಾಗೆ ಎಡಮೂಲೆಯಲ್ಲಿ ಒಂದರ ಕೆಳಗೊಂದು ಜೋಡಿಸಿದರು. ನನ್ನ ಕಣ್ಣಿಗೆ ಬಹಳ ಕೆಟ್ಟದಾಗಿತ್ತು. ಹೇಳಲಿಲ್ಲ. ನಮ್ಮವರು ಪ್ರಸಾದ ತಗೊಂಡು ಬಂದಾಗ ಅತ್ತೆ ಅವರ ಕಡೆ ತಿರುಗಿಯೂ ನೋಡದೆ, "ಪ್ಲಗ್ ಮುಟ್ಟೀ ಜೋಕೆ," ಅಂದರು.

ಸೋಮವಾರ ಬೆಳಿಗ್ಗೆ ನನಗೆ ಮನೆಯಿಂದಲೇ ಕೆಲಸ. ಚಟ್ನಿಗೆ ಕಾಯಿ ಹಾಕಿ ಮಿಕ್ಸಿ ಸ್ವಿಚ್ ಒತ್ತಬೇಕು, ಅಷ್ಟರಲ್ಲಿ ಅತ್ತೆಯ ಕೋಣೆಯೊಳಗಿಂದ ಹುಡುಗಿಯರ ದನಿಗಳು ಒಟ್ಟಿಗೆ ಕೇಳಿದವು. ನಾನು ಸುಮ್ಮನೆ ಹೋಗಿ ಬಾಗಿಲ ಹತ್ತಿರ ನಿಂತೆ. ಏನಾದರೂ ತೊಂದರೆಯಾದರೆ ಹತ್ತಿರ ಇರಲಿ ಅಂತ, ಬೇರೇನಿಲ್ಲ.

"ರೀ ಟೀಚರ್, ಇವತ್ತ ನೀವು ಭಾಳ ಛಂದ ಕಾಣಸ್ತೀರಿ, ವಿಡಿಯೋ ಎಲ್ಲೂ ನಿಂದ್ರವಲ್ದು. ಹೊಸಾ ಲ್ಯಾಪ್‌ಟಾಪ್ ಏನ್ರೀ?"

"ಹಳೇದಽ. ಕೆಟ್ಟಿತ್ತು. ನಾನಽ ರಿಪೇರಿ ಮಾಡಿದೆ."

ನಾನಽ ಅಂತೆ! ಕಿವಿ ಬಿಸಿಯಾಯಿತು. ಇಡೀ ವೀಕೆಂಡ್ ಹೋಯಿತು ನಂದು, ಆ ಕುಂಕುಮ ಕಂಡುಹಿಡಿದವಳು ಯಾರು? ಒಳಗೆ ಹೋಗಿ ಹುಡುಗಿಯರಿಗೆ ಸತ್ಯ ಹೇಳೇಬಿಡೋಣ ಅಂತ ಬಾಗಿಲ ಹಿಡಿಗೆ ಕೈ ಹಾಕಿದೆ.

"ನಿಮಗ ಯಾರು ಕಲಿಸಿದ್ರಿ ಟೀಚರ್?"

"ನನ್ನ ಸೊಸಿ," ಅಂದರು ಅತ್ತೆ. "ಆಕಿಗೆ ಎಲ್ಲಾ ಬರ್ತದ. ಕಣ್ಣು ಮುಚ್ಚಿ ಮಾಡತಾಳ. ನಿನ್ನೆ ಬಾಯಿ ಮುಚ್ಚಿ ಕೂತಿದ್ಲು, ನಾ ತಪ್ಪು ಮಾಡೂದನ್ನ ನೋಡಕೋತ. ನಾ ಇಷ್ಟು ವರ್ಷ ಪಾಠಾ ಹೇಳೀನಿ, ಅದು ಎಷ್ಟು ತ್ರಾಸಿಂದು ಅಂತ ನಂಗ ಗೊತ್ತದ. ನನ್ನ ಮಗ ಲೆಕ್ಕಾ ತಪ್ಪು ಮಾಡುವಾಗ ನನಗ ಹಂಗ ಕೂಡಲಿಕ್ಕೆ ಆಗ್ಲಿಲ್ಲ. ಹಾಂ, ಸಾಕು ಮಾತು. ಬೋರ್ಡ್ ನೋಡ್ರಿ."

ಬೋರ್ಡಿನ ಮೇಲೆ ಪೆನ್ನು ಕಿರುಗುಟ್ಟಿತು. ನನ್ನ ಕಣ್ಣು ತುಂಬಿಬಿಟ್ಟಿತ್ತು, ಯಾರೂ ನೋಡಲಿಲ್ಲ ಸದ್ಯ. ಕೈಯನ್ನು ಮೆಲ್ಲಗೆ ಹಿಂದಕ್ಕೆ ತಗೊಂಡು ಅಡುಗೆಮನೆಗೆ ಬಂದೆ. ಪಾಠ ಮುಗಿಸಿ ಅವರೇ ಬಾಗಿಲು ತೆಗೆಯುವವರೆಗೂ ಮಿಕ್ಸಿ ಹಾಕಲಿಲ್ಲ.